ಸಂಶೋಧನ ವಿದ್ಯಾರ್ಥಿಗಳಿಗೆ ದ್ರವ್ಯಸಹಾಯ

೧೯೧೩ನೆಯ ಇಸವಿ ಮೇ ತಿಂಗಳ ೧ನೆಯ ತಾರೀಖಿನಿಂದ ಮದರಾಸು ವಿಶ್ವವಿದ್ಯಾನಿಲಯದವರು ಒಬ್ಬ ಗುಮಾಸ್ತರಿಗೆ ತಿಂಗಳೊಂದಕ್ಕೆ ೭೫ ರೂಪಾಯಿಗಳ ಸಂಶೋಧನ ವೇತನವನ್ನು ಎರಡು ವರ್ಷಗಳ ಅವಧಿಗೆ ಕೊಡಮಾಡಿದರು. ಈ ಗುಮಾಸ್ತರು ಅದಕ್ಕೆ ಹಿಂದೆ ಮದರಾಸಿನ ಬಂದರು ಕಚೇರಿಯಲ್ಲಿ ೩೦ ರೂಪಾಯಿ ಸಂಬಳಕ್ಕೆ ಲೆಕ್ಕ ಬರೆಯುತ್ತಿದ್ದವರು. ಅವರಿಗೆ ಯಾವ ಪದವಿಯೂ ಇರಲಿಲ್ಲ. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳಲ್ಲಿ ತೇರ್ಗಡೆಯಾಗದೆ, ಕುಂಭಕೋಣದ ಕಾಲೇಜಿನಲ್ಲಿ ಮೊದಲು ದೊರೆತಿದ್ದ ವಿದ್ಯಾರ್ಥಿವೇತನವನ್ನೂ ಅವರು ಕಳೆದುಕೊಂಡಿದ್ದರು. ಈಗ ವಿಶ್ವವಿದ್ಯಾನಿಲಯದವರು ಅವರಿಂದ ಬಯಸಿದ್ದು ಮೂರು ತಿಂಗಳಿಗೊಮ್ಮೆ ಕೆಲಸದ ಪ್ರಗತಿಯ ವರದಿಯನ್ನು ಮಾತ್ರ. ಶ್ರೀನಿವಾಸ ರಾಮಾನುಜನ್ ಎಂಬ ಆ ಗುಮಾಸ್ತರ ಹೆಸರನ್ನು ಇಂದು ಅರಿಯದ ವಿದ್ಯಾವಂತರಿಲ್ಲ. ಮರುವರ್ಷ ಅವರು ಕೇಂಬ್ರಿಜ್ಜಿಗೆ ಹೊರಟಾಗ ಅದೇ ವಿಶ್ವವಿದ್ಯಾನಿಲಯದವರು ವರ್ಷಕ್ಕೆ ೨೫೦ ಪೌಂಡುಗಳ ವೇತನವನ್ನು ಗೊತ್ತುಮಾಡಿದರು. ಅದರಲ್ಲಿ ೫೦ ಪೌಂಡುಗಳನ್ನು ಊರಿನಲ್ಲಿದ್ದ ತಾಯಿಯ ಜೀವನಕ್ಕೆಂದು ತೆಗೆದಿರಿಸಲಾಯಿತು.

ನಮ್ಮ ವಾಚಕರು ಈ ಕಡೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ರಾಮಾನುಜನ್ನರ ಪ್ರತಿಭೆಯು ದೈವದತ್ತವಾದುದೆಂದು ಹೇಳಿ ಕೈಮುಗಿಯುವವರು ನಮ್ಮಲ್ಲಿ ಬಹು ಮಂದಿ. ಆದರೆ ದೈವದತ್ತವಾದ ಪ್ರತಿಭೆಗೂ ಎರಡು ಹೊತ್ತಿನ ಊಟವು ಮನುಷ್ಯದತ್ತವಾಗಿಯೇ ಬರಬೇಕಾಯಿತು. ವಿದ್ವಾಂಸನಿಗೂ ಒಂದು ಮನೆಯುಂಟು, ಆ ಮನೆಯಲ್ಲಿ ಒಲೆಯುಂಟು, ಒಲೆಯ ಮುಂದೆ ಕಾಯುತ್ತಿರುವ ತಾಯಿಯುಂಟು ಎಂಬುದನ್ನು ಅಂದಿನ ಅಧಿಕಾರವರ್ಗದವರು ಮರೆಯಲಿಲ್ಲ. ಇಂದಿನ ನಮ್ಮ ವಿಶ್ವವಿದ್ಯಾನಿಲಯಗಳ ಸಂಶೋಧನ ವಿದ್ಯಾರ್ಥಿಗಳ ವಿಷಯದಲ್ಲಿ ಈ ತಿಳಿವಳಿಕೆಯು ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿಯ ಪೋಷಣೆಯ ಭಾರವು ಸಮಾಜದ್ದೆಂಬ ಭಾವನೆಯು ಕನ್ನಡನಾಡಿಗೆ ಹೊಸದಲ್ಲ. ಏಳು ದಿನಕ್ಕೆ ಏಳು ಮನೆಗಳಲ್ಲಿ ವಾರಾನ್ನ ಮಾಡಿಕೊಂಡು ಓದಿ ಮುಂದೆ ಬಂದವರ ಕಥೆಗಳು ನಮ್ಮ ಪ್ರತಿಯೊಂದು ಪೇಟೆಯಲ್ಲಿಯೂ ಇವೆ. ಮಠಗಳ ದಾಸೋಹವನ್ನೂ, ೧೯೦೩ರಲ್ಲಿ ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಆಶ್ರಯವಾಗಲೆಂದು ಏರ್ಪಡಿಸಿದ ಧರ್ಮವನ್ನೂ ನಾವು ನೆನೆಯದಿರಲಾರೆವು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು. ಅನಂತರ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದವರು. ಆ ವೇತನಕ್ಕಾಗಿ ಸಂಸ್ಥಾನವು ವ್ಯಯಮಾಡಿದ ಹಣವನ್ನು ಕನ್ನಂಬಾಡಿಯ ಕಟ್ಟೆಯೊಂದೇ ಎಷ್ಟು ಮಡಿಯಾಗಿ ತೀರಿಸಿತೆಂಬುದನ್ನು ಮಂಡ್ಯದ ರೈತರನ್ನು ಕೇಳಿ ತಿಳಿಯಬಹುದು.

ಸಹಾಯವು ನಡುವೆ ನಿಂತರೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ಬರೋಡೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಭೀಮರಾವ್ ಅಂಬೇಡ್ಕರರು, ಅಲ್ಲಿಂದ ಲಂಡನ್ನಿಗೆ ಬಂದು ವ್ಯಾಸಂಗವನ್ನು ಮುಂದುವರಿಸಿದರು. ವೇತನದ ಅವಧಿಯು ಮುಗಿದುದರಿಂದ ೧೯೧೭ರಲ್ಲಿ ಅದನ್ನು ಅರ್ಧದಲ್ಲಿಯೇ ಬಿಟ್ಟು ಹಿಂದಿರುಗಬೇಕಾಯಿತು. ಮತ್ತೆ ಹಣವನ್ನು ಕೂಡಿಸಿಕೊಂಡು ೧೯೨೦ರಲ್ಲಿ ಲಂಡನ್ನಿಗೆ ತೆರಳಿ ೧೯೨೩ರಲ್ಲಿ ಅವರು ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನು ಪಡೆದರು. ಅಂಬೇಡ್ಕರರಾದುದರಿಂದ ಮತ್ತೆ ಹೋದರು. ಒಮ್ಮೆ ಹಿಂದಿರುಗಿದ ಮೇಲೆ ಮತ್ತೆ ಹೋಗಲಾರದೆ ಉಳಿದವರ ಹೆಸರುಗಳನ್ನು ಯಾವ ಚರಿತ್ರೆಯಲ್ಲಿ ಹುಡುಕುವುದು?

ಇನ್ನು ಇಂದಿನ ವ್ಯವಸ್ಥೆಯನ್ನು ನೋಡೋಣ. ನಮ್ಮ ದೇಶದಲ್ಲಿ ಸಂಶೋಧನೆ ಮಾಡುವವರಿಗೆ ಮುಖ್ಯವಾದ ಆಧಾರವೆಂದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರೂ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯವರೂ ಕೊಡುವ ಜೂನಿಯರ್ ರಿಸರ್ಚ್ ಫೆಲೋಷಿಪ್. ಇದನ್ನು ಪಡೆಯಲು ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಗಳಿಸಬೇಕು. ಗೆದ್ದವರಿಗೆ ಮೊದಲ ಎರಡು ವರ್ಷ ಒಂದು ದರ, ಆ ಮೇಲೆ ಸೀನಿಯರ್ ಎಂಬ ಹೆಸರಿನಲ್ಲಿ ಮೂರು ವರ್ಷ ಮತ್ತೊಂದು ದರ, ಹೀಗೆ ಒಟ್ಟು ಐದು ವರ್ಷ ವೇತನವುಂಟು. ೨೦೧೯ರ ಜನವರಿಯಿಂದ ೩೧,೦೦೦ ಮತ್ತು ೩೫,೦೦೦ ರೂಪಾಯಿ ಇದ್ದ ಈ ದರಗಳನ್ನು ೨೦೨೩ರ ಜನವರಿ ೧ರಿಂದ ಅನ್ವಯವಾಗುವಂತೆ ೩೭,೦೦೦ ಮತ್ತು ೪೨,೦೦೦ಕ್ಕೆ ಏರಿಸಲಾಯಿತು. ಮನೆಬಾಡಿಗೆಯ ಭತ್ಯವೂ, ಪುಸ್ತಕಾದಿಗಳಿಗೆ ವಾರ್ಷಿಕ ಸಾದಿಲ್ವಾರು ಹಣವೂ ಪ್ರತ್ಯೇಕ. ೨೦೧೮ರಲ್ಲಿ ಘೋಷಿತವಾದ ಪ್ರಧಾನಮಂತ್ರಿಗಳ ಸಂಶೋಧನ ಫೆಲೋಷಿಪ್ಪು ಇದಕ್ಕಿಂತಲೂ ಉದಾರವಾದುದು. ಅದರಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ ೭೦,೦೦೦ ರೂಪಾಯಿ. ಆದರೆ ಅದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದ ಆಯ್ದ ಕೆಲವು ಸಂಸ್ಥೆಗಳಿಗೆ ಸೀಮಿತವಾದುದು.

ಗೆದ್ದವರ ಮಾತು ಇದು. ಗೆಲ್ಲದವರ ಪಾಡೇನು? ಕೇಂದ್ರ ವಿಶ್ವವಿದ್ಯಾನಿಲಯಗಳಲ್ಲಿರುವವರಿಗೆ ನೆಟ್ ಇಲ್ಲದಿದ್ದರೂ ತಿಂಗಳಿಗೆ ೮,೦೦೦ ರೂಪಾಯಿ ಕೊಡುವ ಪದ್ಧತಿಯೊಂದು ಬೆಳೆದು ಬಂದಿತು. ಅದನ್ನೂ ನಿಲ್ಲಿಸುವುದಾಗಿ ೨೦೧೫ರ ಅಕ್ಟೋಬರಿನಲ್ಲಿ ಆಯೋಗದವರು ತೀರ್ಮಾನಿಸಿದಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಆಯೋಗದ ಕಚೇರಿಯ ಮುಂದೆಯೇ ಬೀಡುಬಿಟ್ಟರು. ವೇತನವು ಉಳಿಯಿತು, ಮೊತ್ತವು ಬೆಳೆಯಲಿಲ್ಲ. ಫೆಲೋಷಿಪ್ಪು ೩೭,೦೦೦ಕ್ಕೆ ಏರಿದ ೨೦೨೩ರಲ್ಲಿಯೂ ಅದು ೮,೦೦೦ದಲ್ಲಿಯೇ ನಿಂತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ ೨೬೭ ರೂಪಾಯಿ. ಇಷ್ಟರಲ್ಲಿ ಪಟ್ಟಣವಾಸಿಯಾದ ಒಬ್ಬ ಪ್ರಾಪ್ತವಯಸ್ಕನು ಬಾಡಿಗೆ ತೆತ್ತು, ಉಂಡು, ಪುಸ್ತಕ ಕೊಂಡು, ಊರಿಗೆ ಏನಾದರೂ ಕಳುಹಿಸಬೇಕು. ನಮ್ಮ ರಾಜ್ಯ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆ ಆಯೋಗದ ಈ ೮,೦೦೦ವೂ ಅನ್ವಯಿಸುವುದಿಲ್ಲ. ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳವರಿಗೂ ಬೇರೆ ಬೇರೆ ಯೋಜನೆಗಳುಂಟೆಂಬುದು ನಿಜ. ಆದರೆ ಯೋಜನೆಗಳ ಆಯುಸ್ಸನ್ನು ನಂಬುವ ಹಾಗಿಲ್ಲ. ಅಲ್ಪಸಂಖ್ಯಾತರಿಗೆಂದು ಇದ್ದ ಮೌಲಾನಾ ಆಜಾದ್ ಫೆಲೋಷಿಪ್ಪು ೨೦೨೨-೨೩ನೆಯ ಸಾಲಿನಿಂದ ನಿಂತುಹೋಯಿತು.

ಹೀಗಾಗಿ ಸಂಶೋಧನೆಯೆಂಬ ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬರ ಎಲೆಗೆ ೭೦,೦೦೦, ಮತ್ತೊಬ್ಬರ ಎಲೆಗೆ ೩೭,೦೦೦, ಇನ್ನೊಬ್ಬರ ಎಲೆಗೆ ೮,೦೦೦ ಬೀಳುತ್ತದೆ. ನಾಲ್ಕನೆಯವರ ಎಲೆಯು ಬರಿದಾಗಿದೆ. ಪಂಕ್ತಿಭೇದವು ಪಾಪವೆಂದು ಹೇಳುವ ನಾಡಿನಲ್ಲಿ ಇದನ್ನು ಯಾರೂ ಪಾಪವೆಂದು ಎಣಿಸಿದಂತೆ ತೋರುವುದಿಲ್ಲ. ಯೋಗ್ಯತೆಗೆ ತಕ್ಕ ತಾರತಮ್ಯವಿರಲಿ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಒಂದು ದಿನದ ಪರೀಕ್ಷೆಯಲ್ಲಿ ಕೆಲವು ಅಂಕಗಳ ವ್ಯತ್ಯಾಸವು ಊಟಕ್ಕೂ ಉಪವಾಸಕ್ಕೂ ಇರುವ ವ್ಯತ್ಯಾಸವಾಗಬಾರದು. ಆ ಪರೀಕ್ಷೆಯಾದರೂ ಸದಾ ನೆಚ್ಚಬಹುದಾದುದೇ? ೨೦೨೪ರ ಜೂನ್ ೧೮ರಂದು ದೇಶಾದ್ಯಂತ ನಡೆದ ಪರೀಕ್ಷೆಯು ಮರುದಿನವೇ ರದ್ದಾಯಿತೆಂಬುದನ್ನು ವಾಚಕರು ಬಲ್ಲರು. ಅಂಕಗಳ ಜರಡಿಯೊಂದನ್ನೇ ನಂಬಿದ್ದರೆ ಮದರಾಸಿನವರು ರಾಮಾನುಜನ್ನರನ್ನು ಬಂದರು ಕಚೇರಿಯಲ್ಲಿಯೇ ಬಿಡಬೇಕಾಗಿತ್ತು.

ಮೊತ್ತದ ಮಾತು ಒಂದಾದರೆ ಕಾಲದ ಮಾತು ಇನ್ನೊಂದು. ಫೆಲೋಷಿಪ್ಪನ್ನು ಗೆದ್ದವರ ಹಣವು ಕೂಡ ತಿಂಗಳುಗಟ್ಟಲೆ ಬಾರದೆ ಉಳಿಯುವುದು ನಾಡಿನ ಅನೇಕ ಕಡೆಗಳಲ್ಲಿ ಕೇಳಿಬರುವ ದೂರು. ವಿದ್ಯಾರ್ಥಿಯು ಕೆಲಸದಲ್ಲಿ ಮುಂದುವರಿದಿದ್ದಾನೆಂದು ಪ್ರತಿ ತಿಂಗಳೂ ವಿಶ್ವವಿದ್ಯಾನಿಲಯದವರು ದೃಢೀಕರಿಸಬೇಕು. ಆ ಮೇಲೆ ಹಣವು ಬ್ಯಾಂಕಿನ ಖಾತೆಗೆ ಬರಬೇಕು. ಮಾರ್ಗದರ್ಶಕರ ರುಜು, ವಿಭಾಗದ ಮುಖ್ಯಸ್ಥರ ರುಜು, ಕಚೇರಿಯ ಮೊಹರು ಇವುಗಳಲ್ಲಿ ಒಂದು ತಪ್ಪಿದರೂ ಆ ತಿಂಗಳು ಹೋಯಿತು. ಮೇಲಿನಿಂದ ಅನುದಾನವು ತಡವಾದರೆ ರುಜುಗಳೆಲ್ಲ ಇದ್ದೂ ಪ್ರಯೋಜನವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗಿದೆ. ಬೇರೆ ಸಂಬಳದ ಕೆಲಸವನ್ನು ಒಪ್ಪಕೂಡದೆಂಬ ನಿಬಂಧನೆಯನ್ನು ಫೆಲೋಗಳ ಮೇಲೆ ಹಾಕಿರುವಾಗ, ಸಲ್ಲಬೇಕಾದ ಸಂಬಳವನ್ನೂ ಹೊತ್ತಿಗೆ ಸಲ್ಲಿಸದಿರುವುದು ನ್ಯಾಯವೆನಿಸದು. ನಮ್ಮ ಅಧಿಕಾರಿ ವಾಚಕರಲ್ಲಿ ಯಾರಾದರೂ ಆರು ತಿಂಗಳು ಸಂಬಳವಿಲ್ಲದೆ ಮೊದಲಿನಂತೆಯೇ ಕಡತಗಳನ್ನು ನೋಡಬಲ್ಲರೇ ಎಂದು ವಿನಯದಿಂದ ಕೇಳುತ್ತೇವೆ.

ಇಲ್ಲಿ ನಮ್ಮ ಸ್ವಂತ ಅನುಭವವೊಂದನ್ನು ಹೇಳುವುದು ಅನುಚಿತವಾಗಲಾರದು. ನಾವು ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಷನ್‌ಗೆ ನಿಲ್ಲಿಸಿದವರು; ವಿಶ್ವವಿದ್ಯಾನಿಲಯದ ಒಳಗನ್ನು ಕಂಡವರಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯಕ್ಕೆ ಸಂಜೆಯ ಹೊತ್ತು ಕರಡಚ್ಚು ತಿದ್ದಲು ಒಬ್ಬ ತರುಣನು ಬರುತ್ತಿದ್ದನು. ಅವನು ಶಾಸನಗಳ ಭಾಷೆಯನ್ನು ಕುರಿತು ಸಂಶೋಧನೆ ಮಾಡುತ್ತಿದ್ದವನು. ಫೆಲೋಷಿಪ್ಪು ಅವನಿಗೆ ಅಲ್ಪದರಲ್ಲಿ ತಪ್ಪಿತ್ತು. ಹಗಲಿನಲ್ಲಿ ವಿಭಾಗದ ಕೆಲಸಗಳೆಲ್ಲವೂ ಅವನ ಪಾಲಿಗೆ ಬೀಳುತ್ತಿದ್ದುವು: ಮೊದಲ ವರ್ಷದವರಿಗೆ ಹಳಗನ್ನಡ ಹೇಳುವುದು, ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುವುದು, ವಿಚಾರಗೋಷ್ಠಿಗೆ ಕುರ್ಚಿ ಹಾಕಿಸುವುದು. ಇವುಗಳಿಗೆ ಕಾಸಿನ ಸಂಭಾವನೆಯೂ ಇರಲಿಲ್ಲ. ನಮ್ಮಲ್ಲಿ ದೊರೆಯುತ್ತಿದ್ದ ಕೂಲಿಯಲ್ಲಿ ಬಸ್ಸಿನ ಹಣ ಕೂಡಿದ ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೋಗಿ ಕಲ್ಲುಗಳ ಅಚ್ಚು ತೆಗೆದು ತರುತ್ತಿದ್ದನು. ಒಮ್ಮೆ ನಮ್ಮ ಪತ್ರಿಕೆಯಲ್ಲಿ ಊರೊಂದರ ಹೆಸರನ್ನು ನಾವು ತಪ್ಪಾಗಿ ಅಚ್ಚು ಮಾಡಹೊರಟಾಗ, ಆ ಊರಿನ ಶಾಸನದಲ್ಲಿ ಅದು ಹೇಗಿದೆಯೆಂದು ಬಾಯಲ್ಲೇ ಹೇಳಿ ತಿದ್ದಿದನು. ನಾಲ್ಕನೆಯ ವರ್ಷದಲ್ಲಿ ಅವನ ತಂದೆಯವರು ಕಾಯಿಲೆ ಬಿದ್ದರು. ಅವನು ಒಂದು ಖಾಸಗಿ ಸಾಲ ವಸೂಲಿಯ ಕಚೇರಿಗೆ ಸೇರಿಕೊಂಡನು. ತೆಗೆದ ಅಚ್ಚುಗಳ ಕಟ್ಟು ನಮ್ಮ ಕಚೇರಿಯ ಬೀರುವಿನಲ್ಲಿ ಇಂದಿಗೂ ಇದೆ. ಹಿಂದಿರುಗಿ ಬಂದು ತೆಗೆದುಕೊಳ್ಳುತ್ತೇನೆಂದು ಹೇಳಿ ಹೋಗಿದ್ದಾನೆ.

ಈ ತರುಣನಿಗೆ ಬೇಕಾಗಿದ್ದುದು ದಾನವಲ್ಲ. ಅವನು ಮಾಡುತ್ತಿದ್ದ ಕೆಲಸಕ್ಕೆ ಕೂಲಿ ದೊರೆತಿದ್ದರೆ ಸಾಕಾಗಿತ್ತು. ಅನ್ಯದೇಶಗಳಲ್ಲಿ ಇದಕ್ಕೆ ಅಸಿಸ್ಟೆಂಟ್‌ಷಿಪ್ ಎಂದು ಹೆಸರು, ನಾವು ಸಹಾಯಕವೃತ್ತಿಯೆನ್ನಬಹುದು. ಅಮೆರಿಕೆಯ ವಿಶ್ವವಿದ್ಯಾನಿಲಯಗಳಿಗೆ ಹೋದ ನಮ್ಮ ಕನ್ನಡಿಗ ಮಕ್ಕಳಲ್ಲಿ ಸಂಶೋಧನೆಗೆ ನಿಂತವರು ಬಹುಮಟ್ಟಿಗೆ ಇದರ ಬಲದಿಂದಲೇ ಓದಿದವರು. ಅಲ್ಲಿಯ ಕ್ರಮ ಸರಳವಾದುದು. ಸಂಶೋಧನ ವಿದ್ಯಾರ್ಥಿಯು ವಾರಕ್ಕೆ ಸಾಮಾನ್ಯವಾಗಿ ೨೦ ಗಂಟೆಗಳಿಗೆ ಮೀರದಂತೆ ಕೆಳಗಿನ ತರಗತಿಯವರಿಗೆ ಪಾಠ ಹೇಳುತ್ತಾನೆ, ಪ್ರಯೋಗಶಾಲೆಯನ್ನು ನಡೆಸುತ್ತಾನೆ, ಇಲ್ಲವೆ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ನೆರವಾಗುತ್ತಾನೆ. ಅದಕ್ಕೆ ಪ್ರತಿಯಾಗಿ ಅವನ ಶುಲ್ಕವನ್ನು ಬಿಟ್ಟು, ಜೀವನಕ್ಕೆ ತಿಂಗಳ ವೇತನವನ್ನು ಕೊಡುತ್ತಾರೆ. ಪಾಠದ ಕೆಲಸಕ್ಕೆ ಹಣವು ವಿಭಾಗದಿಂದ ಬಂದರೆ, ಸಂಶೋಧನೆಯ ಕೆಲಸಕ್ಕೆ ಪ್ರಾಧ್ಯಾಪಕರು ತಂದ ಅನುದಾನದಿಂದ ಬರುತ್ತದೆ.

ಆ ಕ್ರಮವು ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಅಗ್ಗದ ಕೈಗಳು ದೊರೆತ ಕಡೆ ಪೂರ್ಣ ಸಂಬಳದ ಅಧ್ಯಾಪಕರನ್ನು ನೇಮಿಸುವ ಉತ್ಸಾಹವು ಕುಗ್ಗುವುದು ಎಲ್ಲಾ ದೇಶಗಳ ಆಡಳಿತಗಾರರಿಗೂ ಸಹಜವಾದುದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬೋಧನ ಸಹಾಯಕರು ೧೯೬೬ರಲ್ಲಿ ಸಂಘ ಕಟ್ಟಿ, ೧೯೭೦ರಲ್ಲಿ ಮುಷ್ಕರ ಹೂಡಿ ತಮ್ಮ ಕೆಲಸದ ಕರಾರನ್ನು ಬರಹಕ್ಕೆ ಇಳಿಸಿಕೊಂಡರು. ಖಾಸಗಿ ವಿಶ್ವವಿದ್ಯಾನಿಲಯಗಳ ಸಹಾಯಕರು ವಿದ್ಯಾರ್ಥಿಗಳಾಗಿರುವಂತೆಯೇ ನೌಕರರೂ ಹೌದೆಂದು ಆ ದೇಶದ ಕಾರ್ಮಿಕ ಬಾಂಧವ್ಯ ಮಂಡಲಿಯು ೨೦೧೬ರ ಆಗಸ್ಟಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ, ತೀರ್ಪು ಕೊಟ್ಟಿತು. ೨೦೨೨ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸುಮಾರು ೪೮,೦೦೦ ಮಂದಿ ಕೆಲಸ ನಿಲ್ಲಿಸಿದರು. ಬಾಡಿಗೆಗೆ ಸಾಲದ ವೇತನವೇ ಅವರ ಮುಖ್ಯ ದೂರಾಗಿತ್ತು. ಇವುಗಳಿಂದ ನಾವು ಕಲಿಯಬೇಕಾದುದು ಇಷ್ಟೆ. ಸಹಾಯಕವೃತ್ತಿಯು ಒಳ್ಳೆಯದು, ಆದರೆ ಅದರ ಗಂಟೆಗಳೂ ಹಣವೂ ಮೊದಲೇ ಕಾಗದದ ಮೇಲೆ ಇರಬೇಕು.

ಇದು ನಮ್ಮ ದೇಶಕ್ಕೆ ಒಗ್ಗದ ವಿದೇಶೀ ಸಸಿಯೆಂದು ಯಾರೂ ಹೇಳುವಂತಿಲ್ಲ. ಗೇಟ್ ಪರೀಕ್ಷೆಯ ಮೂಲಕ ಎಂ.ಟೆಕ್. ಸೇರಿದ ವಿದ್ಯಾರ್ಥಿಗಳಿಗೆ ತಿಂಗಳಿಗೆ ೧೨,೪೦೦ ರೂಪಾಯಿ ಗೊತ್ತುಮಾಡಿ, ಐಐಟಿಗಳಲ್ಲಿ ಅದಕ್ಕೆ ಪ್ರತಿಯಾಗಿ ವಾರಕ್ಕೆ ೮ ಗಂಟೆಗಳ ಕೆಲಸವನ್ನು ಅವರಿಂದ ಪಡೆಯುವ ಪದ್ಧತಿಯು ಇಲ್ಲಿಯೇ ನಡೆದು ಬಂದಿದೆ. ಇದಲ್ಲದೆ, ಆಯೋಗದವರು ೨೦೨೨ರಲ್ಲಿ ಹೊರಡಿಸಿದ ಪಿಎಚ್.ಡಿ. ನಿಬಂಧನೆಗಳಲ್ಲಿ, ಸಂಶೋಧನ ವಿದ್ಯಾರ್ಥಿಗಳಿಗೆ ವಾರಕ್ಕೆ ೪ರಿಂದ ೬ ಗಂಟೆಗಳ ಬೋಧನ ಅಥವಾ ಸಂಶೋಧನ ಸಹಾಯಕವೃತ್ತಿಯನ್ನು ವಹಿಸಬಹುದೆಂದು ಸ್ಪಷ್ಟವಾಗಿ ಹೇಳಿದೆ. ಉಪತರಗತಿ ನಡೆಸುವುದು, ಪ್ರಯೋಗಶಾಲೆಯ ಕೆಲಸ, ಮೌಲ್ಯಮಾಪನ ಇವೆಲ್ಲವೂ ಅದರಲ್ಲಿ ಸೇರಿವೆ. ಬಾಗಿಲು ತೆರೆದಿದೆ. ರಾಜ್ಯ ವಿಶ್ವವಿದ್ಯಾನಿಲಯಗಳು ಆ ಗಂಟೆಗಳಿಗೆ ಒಂದು ದರವನ್ನು ಕಟ್ಟಿ ಆಯವ್ಯಯದಲ್ಲಿ ಒಂದು ಪಂಕ್ತಿಯನ್ನು ಸೇರಿಸಿದರೆ ಕೆಲಸವು ಆರಂಭವಾಗುತ್ತದೆ. ದರವಿಲ್ಲದೆ ಗಂಟೆಗಳನ್ನು ಮಾತ್ರ ವಹಿಸಿದರೆ ಅದು ಬಿಟ್ಟಿ ಚಾಕರಿಗೆ ಹೊಸ ಹೆಸರಾದೀತು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಸಂಶೋಧನೆಗೆಂದು ಹೆಸರು ಬರೆಸಿ, ವಿದ್ಯಾರ್ಥಿನಿಲಯದ ಕೋಣೆಯನ್ನು ಹಿಡಿದು, ಬೇರಾವುದೋ ಉದ್ಯೋಗದ ಪರೀಕ್ಷೆಗೆ ಓದುತ್ತ ಕಾಲ ಕಳೆಯುವವರು ಇದ್ದಾರೆಂದು ಹೇಳುತ್ತಾರೆ. ಇದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಎಲ್ಲಿಂದಲೋ ಎತ್ತಿ ತಂದು ಹೊಸದೊಂದು ಪ್ರಬಂಧವೆಂದು ಒಪ್ಪಿಸುವವರೂ ಇದ್ದಾರೆ. ಆದರೆ ಇಂಥವರನ್ನು ಬೇರ್ಪಡಿಸುವುದಕ್ಕೆ ಸಹಾಯಕವೃತ್ತಿಗಿಂತ ಒಳ್ಳೆಯ ಉಪಾಯ ಯಾವುದು? ವಾರಕ್ಕೆ ಆರು ಗಂಟೆ ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕಾದವನ ವಿದ್ಯೆ ಎಷ್ಟೆಂಬುದು ಆ ಮಕ್ಕಳಿಗೇ ತಿಳಿಯುತ್ತದೆ. ಮದರಾಸಿನವರು ಕೇಳಿದಂತೆ ಮೂರು ತಿಂಗಳಿಗೊಮ್ಮೆ ವರದಿಯನ್ನು ಕೇಳಿರಿ, ಓದಿ ನೋಡಿರಿ, ಕೆಲಸವಿಲ್ಲದ ಕಡೆ ನಿಲ್ಲಿಸಿರಿ. ಮೈಗಳ್ಳರಿದ್ದಾರೆಂದು ದುಡಿಯುವವರ ಕೂಲಿಯನ್ನು ಹಿಡಿಯುವ ಒಕ್ಕಲಿಗನನ್ನು ನಾವು ಯಾವ ಹಳ್ಳಿಯಲ್ಲಿಯೂ ಕಂಡಿಲ್ಲ.

ಹಣವೆಲ್ಲಿದೆಯೆಂಬುದು ಎರಡನೆಯ ಆಕ್ಷೇಪ. ಸರ್ಕಾರದ ಬೊಕ್ಕಸಕ್ಕೆ ಬೇರೆ ಅನೇಕ ಹೊರೆಗಳುಂಟೆಂಬುದು ದಿಟ. ಆದರೆ ಹಳೆಯ ಶಾಸನವನ್ನು ಓದಬಲ್ಲವರು, ಕೆರೆಯ ನೀರಿನ ಗುಣವನ್ನು ಪರೀಕ್ಷಿಸಬಲ್ಲವರು, ಜೋಳದ ರೋಗವನ್ನು ಗುರುತಿಸಬಲ್ಲವರು, ಜನಗಣತಿಯ ಅಂಕೆಗಳ ಅರ್ಥವನ್ನು ಬಿಡಿಸಬಲ್ಲವರು ಬೇಕಾದ ದಿನ, ಅವರನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. ಅಂಥವರು ಒಬ್ಬೊಬ್ಬರೂ ಐದಾರು ವರ್ಷಗಳ ಬೆಳೆ. ಬಿತ್ತನೆಯ ಖರ್ಚನ್ನು ಉಳಿಸಿ ಸುಗ್ಗಿಯನ್ನು ಹಾರೈಸುವುದು ಜಾಣತನವಲ್ಲ.

ಆದಕಾರಣ ನಾವು ಈ ಕೆಳಗಿನ ಸಲಹೆಗಳನ್ನು ಸರ್ಕಾರದವರ, ಕುಲಪತಿಗಳ ಮತ್ತು ಸಿಂಡಿಕೇಟ್ ಸದಸ್ಯರ ಅವಗಾಹನೆಗೆ ತರುತ್ತೇವೆ.

ಮೊದಲನೆಯದಾಗಿ, ಯಾವ ಮೂಲದ ವೇತನವೇ ಆಗಲಿ, ತಿಂಗಳ ಗೊತ್ತಾದ ತಾರೀಖಿಗೆ ಸಲ್ಲಬೇಕು. ಪ್ರತಿಯೊಂದು ವಿಶ್ವವಿದ್ಯಾನಿಲಯವೂ ಇದಕ್ಕಾಗಿ ಒಂದು ಸಣ್ಣ ಮುಂಗಡ ನಿಧಿಯನ್ನು ಇಟ್ಟುಕೊಂಡು, ಮೇಲಿನಿಂದ ಹಣ ತಡವಾದಾಗ ಅದರಿಂದ ಕೊಟ್ಟು, ಬಂದಾಗ ಜಮಾ ಮಾಡಿಕೊಳ್ಳಬೇಕು. ಇದಕ್ಕೆ ಬೇಕಾದುದು ಹೊಸ ಹಣಕ್ಕಿಂತ ಹೆಚ್ಚಾಗಿ ಹೊಸ ಮನಸ್ಸು.

ಎರಡನೆಯದಾಗಿ, ಬೇರೆ ಯಾವ ವೇತನವೂ ಇಲ್ಲದ ಪೂರ್ಣಾವಧಿ ಸಂಶೋಧನ ವಿದ್ಯಾರ್ಥಿಗಳಿಗೆ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕವೃತ್ತಿಗಳನ್ನು ಸ್ಥಾಪಿಸಬೇಕು. ಎಲ್ಲರಿಗೂ ಒಮ್ಮೆಗೇ ಆಗದಿದ್ದರೆ ವಿಭಾಗಕ್ಕೆ ಎರಡರಂತೆ ಆರಂಭವಾಗಲಿ.

ಮೂರನೆಯದಾಗಿ, ಪ್ರತಿಯೊಬ್ಬ ಸಹಾಯಕನಿಗೂ ನೇಮಕದ ಆಜ್ಞೆಯನ್ನು ಬರಹದಲ್ಲಿ ಕೊಡಬೇಕು. ಕೆಲಸ ಯಾವುದು, ಗಂಟೆ ಎಷ್ಟು, ಹಣ ಎಷ್ಟು, ರಜೆ ಎಷ್ಟು ಎಂಬುದೆಲ್ಲವೂ ಅದರಲ್ಲಿರಬೇಕು. ಮಾರ್ಗದರ್ಶಕರ ಮನೆಗೆಲಸವು ಅದರಲ್ಲಿ ಸೇರದೆಂಬುದನ್ನು ಬಾಯಿಬಿಟ್ಟು ಹೇಳಬೇಕಾದ ಕಾಲ ಬಂದಿರುವುದಕ್ಕೆ ವಿಷಾದಿಸುತ್ತೇವೆ. ಖಾಲಿಯಿರುವ ಅಧ್ಯಾಪಕರ ಹುದ್ದೆಗಳನ್ನು ತುಂಬದೆ ಸಹಾಯಕರಿಂದ ಕಾಲಹಾಕುವುದನ್ನೂ ಆ ನಿಯಮವು ತಡೆಯಬೇಕು.

ನಾಲ್ಕನೆಯದಾಗಿ, ೨೦೨೨ರ ನಿಬಂಧನೆಗಳು ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳನ್ನು ಗೊತ್ತುಮಾಡಿವೆ. ಫೆಲೋಷಿಪ್ಪು ಐದಕ್ಕೆ ಮುಗಿಯುತ್ತದೆ. ಬರೆದು ಒಪ್ಪಿಸುವ ಆ ಆರನೆಯ ವರ್ಷಕ್ಕೆ ಸಹಾಯಕವೃತ್ತಿಯಿಂದ ಸೇತುವೆ ಕಟ್ಟಬೇಕು. ದಡ ಕಾಣುವ ವೇಳೆಗೆ ದೋಣಿಯವನನ್ನು ಇಳಿಸುವುದು ಸರಿಯಲ್ಲ.

ಕಡೆಯದಾಗಿ ನಮ್ಮ ವಾಚಕರಿಗೆ ಒಂದು ಮಾತು. ಸರ್ಕಾರದ ಕಡೆಗೆ ಬೆರಳು ತೋರಿಸಿ ಕೈತೊಳೆದುಕೊಳ್ಳುವುದು ನಮ್ಮ ಪೂರ್ವಿಕರ ರೀತಿಯಾಗಿರಲಿಲ್ಲ. ಜಮಸೇಟ್‌ಜಿ ಟಾಟಾರವರು ೧೮೯೨ರಲ್ಲಿಯೇ ಭಾರತೀಯರ ಉನ್ನತ ವ್ಯಾಸಂಗಕ್ಕೆಂದು ನಿಧಿಯೊಂದನ್ನು ಸ್ಥಾಪಿಸಿ, ಓದಿ ಗಳಿಸತೊಡಗಿದವರು ಹಿಂದಿರುಗಿಸುವಂತೆ ಸಾಲದ ರೂಪದಲ್ಲಿ ಹಣ ಕೊಡುವ ಏರ್ಪಾಡು ಮಾಡಿದರು. ಒಬ್ಬನು ತೀರಿಸಿದ ಹಣವು ಮತ್ತೊಬ್ಬನಿಗೆ ದಾರಿಯಾಯಿತು. ನಮ್ಮ ಪೇಟೆಯ ವರ್ತಕರ ಸಂಘದವರು, ಹಳೆಯ ವಿದ್ಯಾರ್ಥಿಗಳು, ನಿವೃತ್ತ ಅಧಿಕಾರಿಗಳು ಸೇರಿದರೆ ಒಂದು ಸಹಾಯಕವೃತ್ತಿಯನ್ನು ನಡೆಸುವುದು ಅಸಾಧ್ಯವಲ್ಲ. ತಿಂಗಳಿಗೆ ೧೫,೦೦೦ದಂತೆ ವರ್ಷಕ್ಕೆ ೧,೮೦,೦೦೦ ರೂಪಾಯಿ ಬೇಕು. ನಮ್ಮಲ್ಲಿ ಮದುವೆಯ ಚಪ್ಪರದ ಅಲಂಕಾರಕ್ಕೆ ಒಂದು ಸಂಜೆಯಲ್ಲಿ ಇದಕ್ಕಿಂತ ಹೆಚ್ಚು ಹಣ ಬಾಡಿಹೋಗುವುದನ್ನು ನಾವೆಲ್ಲರೂ ನೋಡಿದ್ದೇವೆ.

ಇಂಥ ನಿಧಿಯೊಂದು ಏರ್ಪಟ್ಟರೆ ನಮ್ಮ ಪತ್ರಿಕೆಯು ತನ್ನ ಶಕ್ತ್ಯನುಸಾರ ಕಾಣಿಕೆಯನ್ನು ಸಲ್ಲಿಸಲು ಸಿದ್ಧವಾಗಿದೆ. ನಮ್ಮ ಬೀರುವಿನಲ್ಲಿರುವ ಆ ಅಚ್ಚುಗಳ ಕಟ್ಟನ್ನು ಅದರ ಒಡೆಯನು ಬಂದು ಕೊಂಡೊಯ್ಯಲೆಂದು ನಾವು ಕಾಯುತ್ತಿದ್ದೇವೆ. ಅವನಿಗೆ ಕಾಲ ಮೀರಿದ್ದರೆ, ಅದನ್ನು ಓದಬಲ್ಲ ಮತ್ತೊಬ್ಬನಾದರೂ ಬರಲಿ. ಬಂದವನು ಅರ್ಧದಲ್ಲಿ ಎದ್ದು ಹೋಗದಂತೆ ನೋಡಿಕೊಳ್ಳುವ ಹೊಣೆಯು ನಮ್ಮೆಲ್ಲರದು.